ಗೋಡೆಯೊಳಗೆ ಮುಚ್ಚಲ್ಪಟ್ಟ ಕೆಲಸ

ಮನುಷ್ಯನು ತನ್ನ ಸ್ವಂತ ಹಣದಿಂದ, ತನ್ನ ಸ್ವಂತ ಭೂಮಿಯಲ್ಲಿ, ತನ್ನ ಸ್ವಂತ ಕೈಗಳಿಂದ ಕಟ್ಟಿಕೊಳ್ಳುವ ಮನೆಯ ವಿಷಯದಲ್ಲಿ ಯಾರಿಗೆ ಉತ್ತರ ಕೊಡತಕ್ಕವನು? ಈ ಪ್ರಶ್ನೆಯು ಮೊದಲ ನೋಟಕ್ಕೆ ಸುಲಭವಾಗಿ ತೋರುವದು. “ಮನೆ ಅವನದು, ದುಡ್ಡು ಅವನದು, ಬೆವರೂ ಅವನದು, ನಡುವೆ ಮತ್ತೊಬ್ಬನಿಗೇನು?” ಎಂದು ನಮ್ಮಲ್ಲಿ ಅನೇಕರು ಹೇಳುವರು. ಆದರೆ ಪ್ರಿಯ ವಾಚಕರೇ, ಮನೆಯೆಂದರೆ ಗೋಡೆ ಮಾಡುಗಳು ಮಾತ್ರವಲ್ಲ. ಅದರೊಳಗೆ ನೀರು ಬರುವದು, ಅದರೊಳಗಿಂದ ಹೊಲಸು ಹೊರಗೆ ಹೋಗುವದು. ಬರುವ ನೀರು ಬೇರೆಯವರೂ ಕುಡಿಯುವ ಕೆರೆಯಿಂದ ಬರುವದು. ಹೋಗುವ ಹೊಲಸು ಬೇರೆಯವರೂ ಬಾಳುವ ನೆಲಕ್ಕೆ ಹೋಗುವದು. ಆದಕಾರಣ ಈ ಪ್ರಶ್ನೆಯನ್ನು ನಾವು ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ನಮ್ಮ ಊರುಗಳಿಂದ ಓದಿ ಹೊರಟ ಯೌವನಸ್ಥರಲ್ಲಿ ಕೆಲವರು ಈಗ ಅಮೇರಿಕಾ ಮೊದಲಾದ ದೇಶಗಳಲ್ಲಿ ನೆಲೆಸಿ, ಅಲ್ಲಿಯೇ ಮನೆ ಕಟ್ಟಿಕೊಳ್ಳುತ್ತಾರೆ. ಆ ಸೀಮೆಯಲ್ಲಿ ಕೆಲಸಗಾರರ ಕೂಲಿ ಬಹಳ. ಹೀಗಿರಲಾಗಿ ಮನೆಯ ಯಜಮಾನನೇ ಗರಗಸ ಹಿಡಿಯುವದೂ, ಬಣ್ಣ ಬಳಿಯುವದೂ, ನೀರಿನ ಕೊಳವೆಗಳನ್ನು ಜೋಡಿಸುವದೂ ಅಲ್ಲಿ ಅಪರೂಪವಲ್ಲ. ಕೊಳವೆಯ ಕೆಲಸವನ್ನು ಕಸಬಾಗಿ ಮಾಡುವವನಿಗೆ ಪ್ಲಂಬರ್ ಎಂದು ಹೆಸರು. ಅವನು ಕೆಲವು ವರ್ಷ ಅನುಭವಸ್ಥನ ಕೈಕೆಳಗೆ ಕಲಿತು, ಪರೀಕ್ಷೆ ಕೊಟ್ಟು, ಪರವಾನಗಿ ಪಡೆಯುವದು ವಾಡಿಕೆ. ಹಾಗಾದರೆ ಕಸಬು ಕಲಿಯದ ಯಜಮಾನನು ತಾನೇ ಆ ಕೆಲಸಕ್ಕೆ ಕೈ ಹಾಕಬಹುದೋ? ಒಂದೊಂದು ದೇಶವು ಒಂದೊಂದು ಉತ್ತರ ಕೊಡುವದು. ಆಸ್ಟ್ರೇಲಿಯಾದಲ್ಲಿ ಇಂಥ ಕೆಲಸದ ಬಹುಭಾಗವನ್ನು ಪರವಾನಗಿ ಇಲ್ಲದವನು ತನ್ನ ಸ್ವಂತ ಮನೆಯಲ್ಲಿ ಸಹ ಮಾಡಕೂಡದು.

ಅಮೇರಿಕಾದ ಇಲಿನಾಯ್ ಸಂಸ್ಥಾನದ ಕಾಯಿದೆಯಾದರೋ ಮನೆಯವನಿಗೆ ಅಪ್ಪಣೆ ಕೊಡುತ್ತದೆ. ಆದರೆ ಆ ಅಪ್ಪಣೆಗೆ ಕೆಲವು ಷರತ್ತುಗಳುಂಟು. ಮನೆಯು ಒಂದೇ ಕುಟುಂಬದ ವಾಸಕ್ಕಾಗಿರಬೇಕು. ಕೆಲಸ ಮುಗಿದ ಮೇಲೆ ಕಡಿಮೆಯಾದರೆ 6 ತಿಂಗಳಾದರೂ ತಾನೇ ಅದರಲ್ಲಿ ವಾಸಮಾಡುವ ನಿಜವಾದ ಉದ್ದೇಶ ಅವನಿಗಿರಬೇಕು. ಕೆಲಸವು ಸಂಸ್ಥಾನದ ಕಟ್ಟಳೆಗೆ ಸರಿಯಾಗಿರಬೇಕು. ತಾನು ಮಾಡಬಹುದು, ಆದರೆ ಪರವಾನಗಿ ಇಲ್ಲದ ಬೇರೊಬ್ಬನನ್ನು ಆ ಕೆಲಸಕ್ಕೆ ಇಟ್ಟುಕೊಳ್ಳಕೂಡದು. ಈ ಷರತ್ತುಗಳ ಹಿಂದೆ ಒಂದು ನೀತಿಯಿದೆ. ತಪ್ಪಾದರೆ ಅದರ ಫಲವನ್ನು ಮೊದಲು ಉಣ್ಣುವವನು ಮಾಡಿದವನೇ ಆಗಿರಲಿ. ತಾನು ಕುಡಿಯದ ನೀರಿನ ಕೊಳವೆಯನ್ನು ಕಲಿಯದವನು ಮತ್ತೊಬ್ಬರಿಗಾಗಿ ಜೋಡಿಸದಿರಲಿ ಎಂಬದೇ ಅದು.

ಈಗ ಆ ಕೆಲಸವೇನೆಂದು ತಿಳಿಯೋಣ. ಮನೆಯೊಳಗಿನ ಕೊಳವೆಗಳು ಎರಡು ತರದವು. ಒಂದು ನೀರನ್ನು ಒತ್ತಡದಿಂದ ಒಳಗೆ ತರುವದು; ಮತ್ತೊಂದು ಉಪಯೋಗಿಸಿದ ನೀರನ್ನೂ ಮಲವನ್ನೂ ಇಳಿಜಾರಿನಿಂದ ಹೊರಗೆ ಸಾಗಿಸುವದು. ಬಚ್ಚಲ ನೀರು ಹೋಗುವ ಸಣ್ಣ ಕೊಳವೆಗೆ ಒಂದು ಅಡಿ ಉದ್ದಕ್ಕೆ ಕಾಲು ಇಂಚಿನಷ್ಟು ಇಳಿಜಾರು ಕೊಡುವದು ಅಲ್ಲಿಯ ಸಾಮಾನ್ಯ ಕ್ರಮ. ಇಳಿಜಾರು ಸಾಲದಿದ್ದರೆ ಹೊಲಸು ಅಲ್ಲಲ್ಲೇ ನಿಂತು ಕಟ್ಟಿಕೊಳ್ಳುವದು. ಪ್ರತಿಯೊಂದು ಬಚ್ಚಲ ಕೆಳಗೂ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಎರಡು ಇಂಚಿಗೆ ಕಡಿಮೆಯಿಲ್ಲದಂತೆ ಯಾವಾಗಲೂ ನೀರು ನಿಂತಿರುವ ಹಾಗೆ ಮಾಡುತ್ತಾರೆ. ನಿಂತ ಈ ನೀರೇ ಚರಂಡಿಯ ದುರ್ವಾಸನೆ ಮನೆಯೊಳಗೆ ಬಾರದಂತೆ ತಡೆಯುವ ಬೀಗ. ಇಂಥ ಬಾಗುಕೊಳವೆಯುಳ್ಳ ಪಾಯಿಖಾನೆಗೆ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಕೆಲಸಗಾರನು 1775 ರಲ್ಲಿ ಲಂಡನಿನಲ್ಲಿ ಹಕ್ಕುಪತ್ರ ಪಡೆದನು. ಕೆಳಗೆ ಧುಮುಕುವ ನೀರು ಈ ಬೀಗದ ನೀರನ್ನೂ ಸೆಳೆದುಕೊಂಡು ಹೋಗದಂತೆ, ಮಾಡಿನ ಮೇಲಕ್ಕೆ ಒಂದು ಗಾಳಿಕೊಳವೆಯನ್ನು ಏರಿಸಬೇಕು. ಇದಲ್ಲದೆ ಇಲಿನಾಯಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವದು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗಿ ಕೊಳವೆಯನ್ನೇ ಒಡೆಯುವದರಿಂದ, ಹೊರಗಿನ ಕೊಳವೆಯನ್ನು ಚಳಿ ಮುಟ್ಟದಷ್ಟು ಆಳದಲ್ಲಿ ಹೂಳಬೇಕು.

ಇವುಗಳಲ್ಲಿ ಯಾವದೂ ಬುದ್ಧಿವಂತನಿಗೆ ಅಸಾಧ್ಯವಲ್ಲ. ಆದರೆ ಇವುಗಳಿಗೆಲ್ಲಾ ಒಂದು ಲಕ್ಷಣವುಂಟು. ಏನಂದರೆ, ಕೆಲಸ ಮುಗಿದ ಮೇಲೆ ಬಹುಭಾಗ ಕಣ್ಣಿಗೆ ಕಾಣುವದಿಲ್ಲ. ಗೋಡೆಗೆ ಹಲಗೆ ಬಡಿದು ಬಣ್ಣ ಬಳಿದ ಮೇಲೆ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಹೊರಗಿನಿಂದ ಒಂದೇ. ಈ ಕಾರಣದಿಂದ ಅಲ್ಲಿಯ ಊರುಗಳಲ್ಲಿ ಸಾಮಾನ್ಯವಾಗಿ, ಗೋಡೆಯನ್ನು ಮುಚ್ಚುವದಕ್ಕೆ ಮುಂಚೆ ಪರೀಕ್ಷಕನು ಬಂದು ನೋಡಬೇಕೆಂಬ ನಿಯಮವಿದೆ. ಕೊಳವೆಗಳಲ್ಲಿ ನೀರನ್ನಾಗಲಿ ಗಾಳಿಯನ್ನಾಗಲಿ ತುಂಬಿ, ಸೋರುವದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಅವನು ಒಪ್ಪಿದ ಮೇಲೆಯೇ ಗೋಡೆ ಮುಚ್ಚತಕ್ಕದ್ದು.

ಇಲ್ಲಿಯೇ ಮನುಷ್ಯನ ಮನಸ್ಸು ಮುನಿಯುವದು. “ನನ್ನ ಮನೆಯಲ್ಲಿ ನಾನು ಮಾಡಿದ ಕೆಲಸವನ್ನು ಅನ್ಯನು ಬಂದು ಸೋಸಿ ನೋಡುವದೇನು? ನನ್ನನ್ನು ಕಳ್ಳನೆಂದು ಎಣಿಸಿದರೋ? ಕೊಳವೆ ಸೋರಿದರೆ ನನ್ನ ಗೋಡೆ ನೆನೆಯುವದು, ನೀರು ಕೆಟ್ಟರೆ ನನ್ನ ಹೊಟ್ಟೆ ಕೆಡುವದು” ಎಂದು ಅವನು ಅನ್ನುವನು. ಈ ಮಾತಿನಲ್ಲಿ ಸ್ವಲ್ಪ ನ್ಯಾಯವಿದೆ. ತನ್ನ ಕೈಯ ದುಡಿಮೆಯಲ್ಲಿ ಮನುಷ್ಯನಿಗಿರುವ ಮಾನವನ್ನು ನಾವು ಹಗುರಮಾಡಬಾರದು. ಆದರೆ ಕೇಡು ಅವನ ಹೊಸ್ತಿಲಲ್ಲಿಯೇ ನಿಲ್ಲುವದೆಂಬದು ಸತ್ಯವಲ್ಲ.

ಪಾತ್ರೆಯೊಳಗಿನ ಸೀಮೆಎಣ್ಣೆಯಲ್ಲಿ ನಳಿಕೆಯ ಒಂದು ತುದಿಯನ್ನು ಮುಳುಗಿಸಿ, ಇನ್ನೊಂದನ್ನು ಬಾಯಿಂದ ಎಳೆದರೆ ಎಣ್ಣೆ ತಾನೇ ಏರಿಬರುವದನ್ನು ನೀವು ನೋಡಿದ್ದೀರಿ. ಬೀದಿಯ ದೊಡ್ಡ ಕೊಳವೆಯಲ್ಲಿ ಒತ್ತಡ ಇಳಿದಾಗಲೂ ಹೀಗೆಯೇ ಆಗುವದು. ಒಬ್ಬನು ನಲ್ಲಿಗೆ ಸಿಕ್ಕಿಸಿದ ರಬ್ಬರ್ ಕೊಳವೆಯ ತುದಿಯನ್ನು ಕೀಟನಾಶಕ ಕಲಸಿದ ಬಕೆಟ್ಟಿನಲ್ಲಿ ಮುಳುಗಿಸಿಬಿಟ್ಟಿದ್ದರೆ, ಆ ವಿಷವು ಹಿಂದಕ್ಕೆ ಸೆಳೆಯಲ್ಪಟ್ಟು ನೆರೆಯವನ ನಲ್ಲಿಗೆ ಹೋಗಬಹುದು. ಆದದರಿಂದಲೇ ನಲ್ಲಿಯ ಬಾಯಿಯು ತೊಟ್ಟಿಯ ಅಂಚಿಗಿಂತ ಮೇಲಿರಬೇಕೆಂಬ ಕಟ್ಟಳೆ ಹುಟ್ಟಿತು.

ಇದೇ ಇಲಿನಾಯ್ ಸಂಸ್ಥಾನದ ಶಿಕಾಗೋ ನಗರದಲ್ಲಿ 1933 ರಲ್ಲಿ ಜಗತ್ತಿನ ವಸ್ತುಪ್ರದರ್ಶನ ನಡೆಯಿತು. ನೋಡಬಂದವರಲ್ಲಿ ಅನೇಕರು ನೆರೆನೆರೆಯ ಎರಡು ದೊಡ್ಡ ಹೋಟೆಲುಗಳಲ್ಲಿ ಇಳಿದುಕೊಂಡರು. ಆ ಕಟ್ಟಡಗಳ ಹಳೆಯ ಕೊಳವೆಗಳ ದೋಷದಿಂದ ಮಲದ ನೀರು ಕುಡಿಯುವ ನೀರಿನೊಳಗೆ ಬೆರೆಯಿತು. ಅತಿಥಿಗಳು ಏನೂ ಅರಿಯದೆ ಕುಡಿದು ತಮ್ಮ ತಮ್ಮ ಊರುಗಳಿಗೆ ಹೋಗಿ, ಅಲ್ಲಿ ಆಮಶಂಕೆ ರೋಗದಿಂದ ಬಿದ್ದರು. ಸುಮಾರು 1,400 ಮಂದಿ ರೋಗಪೀಡಿತರಾದರು. 98 ಮಂದಿ ಸತ್ತರು. 2003 ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಯಲ್ಲಿ ಸಾರ್ಸ್ ರೋಗವು 300 ಕ್ಕಿಂತ ಹೆಚ್ಚು ನಿವಾಸಿಗಳಿಗೆ ಹಬ್ಬಿತು. ಬಚ್ಚಲ ನೆಲದ ಬಾಗುಕೊಳವೆಗಳಲ್ಲಿ ನಿಂತಿರಬೇಕಾದ ನೀರು ಒಣಗಿಹೋಗಿ, ಚರಂಡಿಯ ಗಾಳಿ ಮನೆಗಳೊಳಗೆ ಬಂದದ್ದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಅಲ್ಲಿಯ ಸರಕಾರದ ವಿಚಾರಣೆ ಕಂಡುಕೊಂಡಿತು. ಎರಡು ಇಂಚು ನೀರಿನ ಬೆಲೆ ಎಷ್ಟೆಂದು ನೋಡಿರಿ!

ಇದನ್ನು ಕೇಳಿ ಯಾವನಾದರೂ, “ಆ ಹೋಟೆಲುಗಳು ಬಡ ಯಜಮಾನನು ಭಾನುವಾರದ ಬಿಡುವಿನಲ್ಲಿ ಕಟ್ಟಿದವುಗಳಲ್ಲವಷ್ಟೇ, ಕಸಬಿನವರೂ ತಪ್ಪುವರಲ್ಲಾ?” ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಪರವಾನಗಿಯ ಕಾಗದವು ಕೊಳವೆಯ ಸೋರಿಕೆಯನ್ನು ನಿಲ್ಲಿಸಲಾರದು. ಇದರಿಂದ ತಿಳಿಯತಕ್ಕದ್ದೇನಂದರೆ, ಪರೀಕ್ಷೆಯು ಕಲಿಯದವನಿಗೆ ಹಾಕಿದ ದಂಡವಲ್ಲ. ಕಲಿತವನಿಗೂ ಕಲಿಯದವನಿಗೂ ಸಮವಾಗಿ ಬೇಕಾದ ಸಹಾಯವೇ. ಯಾಕಂದರೆ ಮಾಡಿದವನ ಕಣ್ಣು ತಾನು ಮಾಡಬೇಕೆಂದಿದ್ದದ್ದನ್ನೇ ನೋಡುವದು. ಬೇರೊಬ್ಬನ ಕಣ್ಣು ಮಾಡಿದ್ದನ್ನು ನೋಡುವದು. ಹೊಲದ ಬದುವನ್ನು ತಾನೊಬ್ಬನೇ ಅಳೆದುಕೊಳ್ಳುವ ರೈತನನ್ನು ಊರು ನಂಬುವದೋ? ಅವನು ಪ್ರಾಮಾಣಿಕನೇ ಆಗಿರಬಹುದು. ಆದರೂ ಪಕ್ಕದವನ ಎದುರಿನಲ್ಲಿ ಅಳೆದರೆ ಇಬ್ಬರಿಗೂ ನಿದ್ರೆ ಬರುವದು.

ಇನ್ನು ಶೋಧನೆಯ ಮಾತು. ಹಿಂದೆ ತಾಮ್ರದ ಕೊಳವೆಗಳ ಕೀಲುಗಳನ್ನು ಸೀಸ ಬೆರೆತ ಬೆಸುಗೆಯಿಂದ ಕೂಡಿಸುತ್ತಿದ್ದರು. ಸೀಸವು ಮಕ್ಕಳ ಮಿದುಳಿಗೆ ವಿಷ. ಆದಕಾರಣ ಕುಡಿಯುವ ನೀರಿನ ಕೊಳವೆಗಳಿಗೆ ಅಂಥ ಬೆಸುಗೆಯನ್ನು ಅಮೇರಿಕಾ ದೇಶವು 1986 ರಲ್ಲಿ ನಿಷೇಧಿಸಿತು. ಒಬ್ಬನ ಪೆಟ್ಟಿಗೆಯಲ್ಲಿ ಹಳೆಯ ಬೆಸುಗೆಯ ಸುರುಳಿ ಉಳಿದಿದೆ ಎಂದು ಎಣಿಸಿರಿ. ಅದು ಸುಲಭವಾಗಿ ಕರಗುವದು, ಕೀಲು ಚೆನ್ನಾಗಿ ಕೂಡುವದು, ಸೋರುವದೂ ಇಲ್ಲ. ಒತ್ತಡದ ಪರೀಕ್ಷೆಯಲ್ಲಿಯೂ ಗೆಲ್ಲುವದು. ಆ ನೀರಿನಲ್ಲಿ ಸೀಸದ ಬಣ್ಣವಾಗಲಿ ರುಚಿಯಾಗಲಿ ವಾಸನೆಯಾಗಲಿ ತೋರದು. ಕೆಲವು ವರ್ಷಗಳ ಮೇಲೆ ಅವನು ಮನೆಯನ್ನು ಮಾರಿ ಹೋಗುವನು. ಕೊಂಡುಕೊಂಡವರ ಕೂಸು ಆ ನೀರಿನಲ್ಲಿ ಕಲಸಿದ ಹಾಲನ್ನು ಕುಡಿಯುವದು. ಆ ಕೂಸಿನ ಹೆಸರು ಅವನಿಗೆ ತಿಳಿಯದು, ಅವನ ಹೆಸರು ಅದಕ್ಕೆ ತಿಳಿಯದು. ಹಾಗಿದ್ದರೂ ಅವರಿಬ್ಬರ ನಡುವೆ ಒಂದು ಬಾಧ್ಯತೆಯುಂಟು. ಪರೀಕ್ಷಕನ ಕಣ್ಣು ಮುಟ್ಟದ ಈ ಸ್ಥಳದಲ್ಲಿಯೇ ಮನುಷ್ಯನ ನಡತೆ ನಿಜವಾಗಿ ಅಳೆಯಲ್ಪಡುವದು.

ಧರ್ಮೋಪದೇಶಕಾಂಡದ 22 ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆ ಕಟ್ಟಬೇಕೆಂಬ ವಿಧಿಯಿದೆಯಷ್ಟೆ. ಮನೆ ಅವನದೇ, ಬೀಳುವವನು ಮಾತ್ರ ಮತ್ತೊಬ್ಬನು ಆಗಿರಬಹುದು. ಮಾಳಿಗೆಯ ಗೋಡೆ ಎಲ್ಲರ ಕಣ್ಣಿಗೆ ಕಾಣುವದು. ಕೊಳವೆಯ ಬೆಸುಗೆ ಕಾಣುವದಿಲ್ಲ ಎಂಬಷ್ಟೇ ಭೇದ, ಬಾಧ್ಯತೆಯಲ್ಲಿ ಭೇದವಿಲ್ಲ.

ಹೊಲಸು ಹೊರಗೆ ಹೋಗುವ ಕೊಳವೆಯ ವಿಷಯದಲ್ಲಿ ನಮ್ಮ ದೇಶದವರು ವಿಶೇಷವಾಗಿ ಯೋಚಿಸಬೇಕು. ನಾವು ಬಹುಕಾಲ ನಮ್ಮ ಮನೆಗಳ ಮಲವನ್ನು ಕೆಲವು ಜಾತಿಯವರ ತಲೆಯ ಮೇಲೆ ಹೊರಿಸಿ, ಅವರನ್ನೇ ಹೊಲಸಾದವರೆಂದು ದೂರವಿಟ್ಟೆವು. ಕರ್ನಾಟಕದಲ್ಲಿ 1970 ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆಲ್ಲಾ 1993 ರಲ್ಲಿಯೂ 2013 ರಲ್ಲಿಯೂ ಕಾಯಿದೆಗಳಾದವು. ಕೋಲಾರದ ಚಿನ್ನದ ಗಣಿಯಲ್ಲಿ ಇದೇ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಎಂಬವರು ಇದರ ವಿರುದ್ಧ ಹೋರಾಡಿ 2016 ರಲ್ಲಿ ಮ್ಯಾಗ್ಸೆಸೇ ಪ್ರಶಸ್ತಿಯನ್ನು ಹೊಂದಿದರು. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರ ಸುದ್ದಿ ಇನ್ನೂ ನಿಂತಿಲ್ಲ. ಇಂಥ ನಾಡಿನಿಂದ ಹೋದವನು ಪರದೇಶದಲ್ಲಿ ತನ್ನ ಪಾಯಿಖಾನೆಯ ಕೊಳವೆಯನ್ನು ತಾನೇ ಮಂಡಿಯೂರಿ ಜೋಡಿಸುವದಾದರೆ, ಅವನು ಕೂಲಿಯ ಹಣವನ್ನು ಉಳಿಸುವದಕ್ಕಿಂತ ದೊಡ್ಡದೊಂದನ್ನು ಕಲಿಯುವನು. ಮನೆಯಿಂದ ಹೊರಟ ಹೊಲಸು ಇಲ್ಲದೆಹೋಗುವದಿಲ್ಲ. ಅದು ಯಾವನೋ ಒಬ್ಬನ ಪಾಲಿಗೆ ಹೋಗುವದು. ಇಳಿಜಾರನ್ನು ಸರಿಯಾಗಿ ಕೊಟ್ಟವನು ಆ ಒಬ್ಬನ ಕೈಯನ್ನು ಹೊಲಸಿನಿಂದ ತಪ್ಪಿಸುವನು. ಇದನ್ನು ಕಲಿತವನು ಊರಿಗೆ ಬಂದಾಗ ಚರಂಡಿಯವನ ಮುಖವನ್ನು ಬೇರೆ ಕಣ್ಣಿನಿಂದ ನೋಡಬೇಕು; ನೋಡದಿದ್ದರೆ ಅವನ ಕೈಗಳು ಮಾತ್ರ ಕಲಿತವು, ಹೃದಯವು ಕಲಿಯಲಿಲ್ಲ.

ಹೀಗಿರುವದರಿಂದ ಆರಂಭದ ಪ್ರಶ್ನೆಗೆ ನಮ್ಮ ಉತ್ತರವೇನು? ಸ್ವಂತ ಕೈಯಿಂದ ಮಾಡುವದು ತಪ್ಪಲ್ಲ, ಮಾನವೇ. ಆದರೆ ಮನೆಯ ಮೇಲಿನ ಹಕ್ಕಿನಲ್ಲಿ ಮರೆಮಾಡುವ ಹಕ್ಕು ಸೇರಿಲ್ಲ. ಗೋಡೆಯೊಳಗಿನ ಕೆಲಸಕ್ಕೆ ಅವನು ನೆರೆಯವನಿಗೂ, ಅತಿಥಿಗೂ, ಮುಂದೆ ಬರುವ ಅಪರಿಚಿತನಿಗೂ ಉತ್ತರ ಕೊಡತಕ್ಕವನು. ಅವರೆಲ್ಲರ ಪರವಾಗಿ ಬರುವ ಪರೀಕ್ಷಕನಿಗೆ ಬಾಗಿಲು ತೆರೆಯುವದು ಅವಮಾನವಲ್ಲ. ಕಾಣದವರಿಗೆ ಮಾಡುವ ಮರ್ಯಾದೆಯೇ.

ಇದು ಪರದೇಶದವರ ಮಾತೆಂದು ನಾವು ಸುಮ್ಮನಿರುವದಕ್ಕಾಗುವದಿಲ್ಲ. 2019 ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ನಮ್ಮ ಅನೇಕ ಹಳ್ಳಿಗಳ ಮನೆಗಳಿಗೂ ನಲ್ಲಿ ಬಂದಿದೆ. ನಲ್ಲಿಗೆ ಗುಟ್ಟಾಗಿ ಮೋಟಾರು ಹಚ್ಚಿ ಎಳೆಯುವವನು ನೆರೆಯವಳ ಕೊಡವನ್ನು ಬರಿದುಮಾಡುವದಲ್ಲದೆ, ಕೊಳವೆಯ ಸೀಳುಗಳಿಂದ ಚರಂಡಿಯ ನೀರನ್ನೂ ಒಳಗೆ ಸೆಳೆಯುವನು. ದನದ ತೊಟ್ಟಿಯಲ್ಲಿ ನಳಿಕೆಯನ್ನು ಮುಳುಗಿಸಿ ಬಿಡುವವನೂ ಅರಿಯದೆ ಅದೇ ಅಪಾಯವನ್ನು ಬೀದಿಗೆ ತರುವನು. ಆದದರಿಂದ ಪ್ರಿಯರೇ, ಈ ಹೊತ್ತೇ ನಿಮ್ಮ ಅಂಗಳದ ನಲ್ಲಿಯನ್ನು ನೋಡಿರಿ. ನಳಿಕೆಯನ್ನು ತೊಟ್ಟಿಯಿಂದ ಮೇಲಕ್ಕೆತ್ತಿರಿ. ಸೋರುವ ಕೀಲನ್ನು ಮಣ್ಣಿನಿಂದ ಮುಚ್ಚದೆ ಸರಿಮಾಡಿಸಿರಿ. ನಿಮ್ಮ ನಲ್ಲಿಯ ಹಿಂದೆ ಬೀದಿಯವರೆಲ್ಲರ ಕೊಡಗಳು ಸಾಲಾಗಿ ನಿಂತಿವೆಯೆಂದು ನೆನಪಿಡಿರಿ.