ಪೀಡೆ, ಹಿಂಡಿ, ಕಾಟ

ಇಂಗ್ಲಿಷಿನ ‘ಪೆಸ್ಟರ್’ ಎಂಬ ಶಬ್ದಕ್ಕೆ ಇಂದು ಬೆನ್ನುಬಿಡದೆ ಕಾಡುವುದೆಂಬ ಅರ್ಥವಿದ್ದರೂ, ಅದರ ಮೂಲದಲ್ಲಿರುವುದು ಮೇಯುವ ಪ್ರಾಣಿಯ ಕಾಲಿಗೆ ಬಿಗಿಯುವ ಹಗ್ಗ. ಹಳೆಯ ಫ್ರೆಂಚಿನಿಂದ ಬಂದ ಆ ಶಬ್ದಕ್ಕೆ ಪಿಡುಗನ್ನು ಹೇಳುವ ‘ಪೆಸ್ಟ್’ ಎಂಬುದರ ಛಾಯೆ ಅನಂತರ ಅಂಟಿಕೊಂಡಿತು. ಕನ್ನಡಿಗರು ‘ಪೀಡಿಸು’ ಎನ್ನುವಾಗ ಚಿತ್ರ ಬೇರೆಯೇ ಆಗುತ್ತದೆ. ಸಂಸ್ಕೃತದ ‘ಪೀಡ್’ ಧಾತುವಿಗೆ ಒತ್ತು, ಹಿಂಡು ಎಂಬ ಅರ್ಥಗಳಿದ್ದು, ಜೈನ ಗೃಹಸ್ಥರ ಆಚಾರವನ್ನು ಹೇಳುವ ಗ್ರಂಥಗಳು ತೊರೆಯಬೇಕೆಂದು ವಿಧಿಸುವ 15 ಕಸುಬುಗಳಲ್ಲಿ ಒಂದಾದ ‘ಯಂತ್ರಪೀಡನ’ವೆಂದರೆ ಎಳ್ಳು, ಕಬ್ಬುಗಳನ್ನು ಗಾಣಕ್ಕಿಟ್ಟು ಅರೆಯುವುದು. ‘ಪ್ರಾಣ ಹಿಂಡುತ್ತಾನೆ’ ಎಂಬ ಮನೆಮಾತು ಅದೇ ಅರ್ಥವನ್ನು ಅಚ್ಚಗನ್ನಡದಲ್ಲಿ ಆಡುತ್ತದೆ.

ಬೆಂಗಳೂರಿನ ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ಹೊತ್ತಿಗೆ, ಅಂದರೆ ಹಗಲಿನ ಎಂಟು ಪಾಲುಗಳಲ್ಲಿ ಅಶುಭವೆಂದು ಎಣಿಸುವ ಪಾಲಿನಲ್ಲಿ, ಭಕ್ತರು ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯ ಒಳಮೈಯನ್ನು ಹೊರಕ್ಕೆ ಮಗುಚಿ, ಆ ಪುಟ್ಟ ಬಟ್ಟಲಿಗೆ ಎಣ್ಣೆ ಬತ್ತಿಗಳನ್ನಿಟ್ಟು ದೀಪ ಹಚ್ಚುತ್ತಾರೆ. ಪೀಡೆ ಕಳೆಯಲೆಂದು ಬಂದವರ ಬೆರಳುಗಳೇ ಹಣ್ಣನ್ನು ಪೀಡಿಸುತ್ತಿರುತ್ತವೆ. ಹಿಂಡಿಸಿಕೊಂಡದ್ದೇ ಬೆಳಕಿನ ಬಟ್ಟಲಾಗುತ್ತದೆ. ಜನ್ಮರಾಶಿ ಮತ್ತು ಅದರ ಹಿಂದುಮುಂದಿನ ರಾಶಿಗಳನ್ನು ಶನಿಯು ಹಾಯುವ ಏಳೂವರೆ ವರ್ಷಗಳ ಕಥೆಯಾದ ಶನಿಮಹಾತ್ಮೆಯಲ್ಲಿಯೂ ಕೈಕಾಲು ಕಳೆದುಕೊಂಡ ರಾಜ ವಿಕ್ರಮ ಬಂದು ಸೇರುವುದು ಗಾಣಿಗನ ಮನೆಗೆ, ಗಾಣದ ಮೇಲೆಯೇ.

ಇದರಿಂದ ಒಂದು ಸಮಾಧಾನ ಸುಲಭವಾಗಿ ಹುಟ್ಟುತ್ತದೆ: ದೈವವು ಹಿಂಡುವುದು ಒಳಗಿನ ಸಾರವನ್ನು ಹೊರತೆಗೆಯಲೆಂದೇ, ಆದ್ದರಿಂದ ಸಂಕಟವೂ ಅನುಗ್ರಹವೇ ಎಂಬುದು. ನೊಂದವರು ತಮಗೆ ತಾವೇ ಹೇಳಿಕೊಂಡರೆ ಈ ಮಾತಿಗೆ ಗೌರವವಿದೆ. ಪಕ್ಕದಲ್ಲಿ ನಿಂತವರು ಅವರಿಗೆ ಹೇಳಿದರೆ ಅದು ಕ್ರೌರ್ಯ. ಎಣ್ಣೆ ಇಳಿದ ಮೇಲೆ ಗಾಣದಲ್ಲಿ ಹಿಂಡಿ ಉಳಿಯುತ್ತದೆ, ಮತ್ತು ಎಣ್ಣೆಯನ್ನು ಹೊಗಳುವ ತತ್ತ್ವವು ಹಿಂಡಿಯಾದವರಿಗೆ ಏನನ್ನೂ ಹೇಳಲಾರದು. ಗಾಣಕ್ಕೆ ತಾನು ಅರೆಯುತ್ತಿರುವುದು ಯಾರನ್ನೆಂಬ ಅರಿವಿಲ್ಲ.

ಕನ್ನಡದ್ದೇ ಆದ ‘ಕಾಡು’ ಎಂಬ ಕ್ರಿಯಾಪದ ಇಲ್ಲಿ ಬೇರೊಂದು ದಾರಿ ತೆರೆಯುತ್ತದೆ. ಆಡುವುದರಿಂದ ಆಟ, ನೋಡುವುದರಿಂದ ನೋಟ ಬಂದಂತೆ ಕಾಡುವುದರಿಂದ ಕಾಟ ಬಂದಿದೆ. ಆದರೆ ‘ಕಾಡಿ ಬೇಡಿ’ ಎಂಬ ಜೋಡುನುಡಿಯಲ್ಲಿ ಕಾಡುವವನು ಕೈಯೊಡ್ಡಿದವನೂ ಆಗಿರುವುದರಿಂದ, ಅವನು ಎದುರಿನವರ ಮುಖ ನೋಡಲೇಬೇಕು, ಅವರ ಉತ್ತರಕ್ಕೆ ಕಾಯಲೇಬೇಕು. ಶರಣರ ಕಥನಗಳಲ್ಲಿ ಶಿವನು ಕಾಡುವುದು ಹೀಗೆ, ಬಾಗಿಲಿಗೆ ಬಂದ ಜಂಗಮನಾಗಿ. ಕಂಚಿಯ ಸಿರಿಯಾಳ ಮತ್ತು ಚಂಗಳೆಯರ ಮನೆಗೆ ಬಂದ ಅವನು ಅವರ ಮಗನಾದ ಚೀಲಾಳನ ಮಾಂಸವನ್ನೇ ಅಡುಗೆಯಾಗಿ ಬೇಡಿದನು. ಬಡಿಸಿದ ಮೇಲೂ ಕಾಟ ನಿಲ್ಲಿಸದೆ, ಮಗನನ್ನು ಕರೆಯದೆ ಉಣ್ಣಲಾರೆನೆಂದು ಹಟ ಹಿಡಿದನು. ಕರೆದಾಗ ಮಗು ಓಡಿ ಬಂದಿತೆಂದು ಕಥೆ ಮುಗಿಯುತ್ತದೆ, ಮತ್ತು ದೇವರ ನ್ಯಾಯವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಓಡಿ ಬಂದ ಆ ಮಗುವನ್ನೇ ತೋರಿಸುತ್ತಾರೆ. ಆದರೆ ಕೊಂದ ಮಗನ ಹೆಸರನ್ನು ಹೊಸ್ತಿಲಲ್ಲಿ ನಿಂತು ತಾಯಿ ಕೂಗಿದ್ದು ಅವನು ಬರುತ್ತಾನೆಂದು ತಿಳಿದಲ್ಲ.