ಎಲೆ ತಿನ್ನುವ ಹುಳುವಿಗೂ ಒಂದು ಮೂಲೆ



ಮಳೆ ಹಿಂದೆ ಸರಿದು ಎಳೆಬಿಸಿಲು ಬೀಳುವ ಈ ದಿನಗಳಲ್ಲಿ ನಿಮ್ಮ ಅಂಗಳದ ಹೂಗಿಡಗಳಿಗೆ ಚಿಟ್ಟೆಗಳು ಬರುವುದನ್ನು ಕಂಡಿರುತ್ತೀರಿ. ಈಗ ಬಹುತೇಕ ಪ್ರತಿಯೊಂದು ಮನೆಯಲ್ಲೂ ಕ್ಯಾಮೆರಾ ಇರುವ ಫೋನಿದೆ. ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳು ಚಿಟ್ಟೆ, ಜೇಡ, ಓತಿಕ್ಯಾತಗಳ ಚಿತ್ರ ತೆಗೆದು ನನಗೆ ತೋರಿಸುತ್ತಾರೆ. ಅವರನ್ನು ನೋಡಿ ನಾನೂ ಗುರುನಿವಾಸದ ತೋಟಕ್ಕಿಳಿದೆ.

ಮೊದಲ ದಿನ ಒಂದು ಚಿತ್ರವೂ ಸರಿಯಾಗಿ ಬರಲಿಲ್ಲ. ನಾನು ಹತ್ತಿರ ಹೋದೊಡನೆ ಚಿಟ್ಟೆ ಹಾರಿಹೋಗುತ್ತಿತ್ತು. "ಫಾದರ್, ನಿಮ್ಮ ನೆರಳು ಅದರ ಮೇಲೆ ಬೀಳುತ್ತದೆ. ಮೊಣಕಾಲೂರಿ ಕುಳಿತು ಕಾಯಿರಿ" ಎಂದಳು ಒಬ್ಬ ಬಾಲಕಿ. ಅವಳ ಮಾತು ನಿಜವಾಗಿತ್ತು. ಚಿಟ್ಟೆ ಮುಂಜಾನೆ ರೆಕ್ಕೆ ಬಿಡಿಸಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತದೆ. ಮೈ ಬೆಚ್ಚಗಾಗದೆ ಅದು ಹಾರಲಾರದು. ಆಗ ನಾವು ತಗ್ಗಿ, ಅದರ ಕಣ್ಣಿನ ಮಟ್ಟಕ್ಕೆ ಬಂದು, ಉಸಿರು ಬಿಗಿಹಿಡಿದು ಕಾಯಬೇಕು. ಚಿಟ್ಟೆಯನ್ನು ಹಿಡಿದು, ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ, ಆಮೇಲೆ ಹೂವಿನ ಮೇಲಿರಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಚಿತ್ರವೇನೋ ಸ್ಪಷ್ಟವಾಗಿರುತ್ತದೆ, ಆದರೆ ಅದು ಸೆರೆಯಾಳಿನ ಚಿತ್ರ!

ಪ್ರಭು ಯೇಸು ಹೊಲದ ಹೂಗಳನ್ನು ನೋಡಿರಿ ಎಂದು ಹೇಳುವಾಗ (ಮತ್ತಾಯ 6:28) ಗ್ರೀಕ್ ಮೂಲದಲ್ಲಿರುವ ಕ್ರಿಯಾಪದಕ್ಕೆ ಸುಮ್ಮನೆ ಕಣ್ಣು ಹಾಯಿಸುವುದೆಂಬ ಅರ್ಥವಿಲ್ಲ. ಗಮನವಿಟ್ಟು ನೋಡಿ ಕಲಿಯುವುದು ಎಂಬ ಅರ್ಥವಿದೆ. ಹಾಗೆ ನೋಡಿದಾಗ ನಾನು ಕಲಿತದ್ದು ನನ್ನದೇ ತಪ್ಪನ್ನು.

ಗುರುನಿವಾಸದ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡವಿದೆ. ಕಳೆದ ವರ್ಷ ಅದರ ಚಿಗುರನ್ನೆಲ್ಲ ಹುಳುಗಳು ತಿಂದುಹಾಕಿದ್ದವು. ನೋಡಲು ಹಕ್ಕಿಯ ಹಿಕ್ಕೆಯಂತಿದ್ದವು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರಚಾಚಿ ದುರ್ವಾಸನೆ ಬೀರುತ್ತಿದ್ದವು. ನಾನು ಹಿಂದೆಮುಂದೆ ನೋಡದೆ ಔಷಧಿ ಸಿಂಪಡಿಸಲು ಹೇಳಿದೆ. ಅವು ನಿಂಬೆ ಗಿಡದ ಚಿಟ್ಟೆಯ ಮರಿಗಳೆಂದು ನನಗೆ ತಿಳಿದದ್ದು ಈ ವರ್ಷ. ಈ ಚಿಟ್ಟೆ ನಿಂಬೆ, ಕರಿಬೇವುಗಳ ಎಳೆ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಹಿಕ್ಕೆಯಂತಹ ಆ ಹುಳು ಬೆಳೆದು ಹಸಿರಾಗಿ, ರೇಷ್ಮೆಯ ಎಳೆಯಿಂದ ಕೊಂಬೆಗೆ ತನ್ನನ್ನು ಕಟ್ಟಿಕೊಂಡು ಕೋಶವಾಗುತ್ತದೆ. ಸುಮಾರು ಎಂಟು ಹತ್ತು ದಿನಗಳಲ್ಲಿ ಕಪ್ಪು ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳನ್ನು ಹೊತ್ತ ಚಿಟ್ಟೆಯಾಗಿ ಹೊರಬರುತ್ತದೆ. ಒಂದು ಕೈಯಿಂದ ಹುಳುವನ್ನು ಕೊಂದು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಚಿಟ್ಟೆಗಾಗಿ ಕಾದವನು ನಾನು!

ಪ್ರಿಯರೇ, ಇದು ಗಿಡದ ಮಾತಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದ ಗಾಯನ ವೃಂದದಲ್ಲಿ ಒಬ್ಬ ಹುಡುಗನಿದ್ದ. ಅಭ್ಯಾಸಕ್ಕೆ ತಡವಾಗಿ ಬರುತ್ತಿದ್ದ, ಎದುರು ಮಾತನಾಡುತ್ತಿದ್ದ. ಒಂದು ಭಾನುವಾರ ಎಲ್ಲರ ಮುಂದೆ, "ನಾಳೆಯಿಂದ ನೀನು ಬರಬೇಡ" ಎಂದೆ. ಅವನು ಬರಲಿಲ್ಲ. ಗಾಯನ ವೃಂದಕ್ಕೂ ಬರಲಿಲ್ಲ, ಬಲಿಪೂಜೆಗೂ ಬರಲಿಲ್ಲ. ಆಗ ಅವನಿಗೆ ಹದಿನಾರು ವರ್ಷ. ಅವನ ಒರಟುತನವನ್ನು ಕಂಡೆನೇ ಹೊರತು ಅವನ ಮನೆಯಲ್ಲಿ ಆಗ ಏನು ನಡೆಯುತ್ತಿತ್ತೆಂದು ನಾನು ಕೇಳಲಿಲ್ಲ. ಈ ಕರಿಬೇವಿನ ಗಿಡದ ಮುಂದೆ ನಿಂತಾಗ ಅವನ ನೆನಪಾಯಿತು. ಕಳೆದ ತಿಂಗಳು ಅವನ ತಾಯಿಯಿಂದ ಫೋನ್ ಸಂಖ್ಯೆ ಪಡೆದು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿತು ಫಾದರ್, ನೋಡೋಣ" ಎಂದ. ಅಷ್ಟೇ. ಇನ್ನು ಕಾಯುವ ಸರದಿ ನನ್ನದು.

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಅಗೆಯದೆ ಹಾಗೆಯೇ ಬಿಡಬೇಕೆಂದು, ಅಲ್ಲಿ ಕಾಡುಹೂಗಳು ತಮ್ಮಷ್ಟಕ್ಕೆ ಬೆಳೆಯಲೆಂದು ಹೇಳುತ್ತಿದ್ದರಂತೆ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಈ ಸಂಗತಿಯನ್ನು ನೆನಪಿಸಿದ್ದಾರೆ. ನಿಮ್ಮ ಅಂಗಳದಲ್ಲೂ ಅಂತಹ ಒಂದು ಮೂಲೆ ಇರಲಿ. ಅಂಗಳವಿಲ್ಲದವರು ಕುಂಡದಲ್ಲಿ ಒಂದು ನಿಂಬೆ ಗಿಡ ಬೆಳೆಸಿ, ಹುಳು ತಿನ್ನಲೆಂದೇ ನಾಲ್ಕು ಎಲೆ ಬಿಡಿ. ಮಕ್ಕಳು ಚಿತ್ರ ತೆಗೆಯುವಾಗ ರೆಕ್ಕೆ ಮುಟ್ಟದಿರಲು ಕಲಿಸಿ. ಬೆರಳಿಗೆ ಅಂಟುವ ಆ ಬಣ್ಣದ ಪುಡಿ ರೆಕ್ಕೆಯ ಹುರುಪೆಗಳು. ಉದುರಿದರೆ ಮತ್ತೆ ಬೆಳೆಯುವುದಿಲ್ಲ.

ಅಂತಹದೇ ಒಂದು ಮೂಲೆ ನಿಮ್ಮ ಮನೆಯೊಳಗೂ ಇರಲಿ. ಬಾಗಿಲು ಹಾಕಿಕೊಂಡು ಕೂರುವ ಮಗ, ಮಾತುಮಾತಿಗೆ ಸಿಡುಕುವ ಮಗಳು, ಕುಡಿತ ಬಿಡಲು ಹೆಣಗುತ್ತಿರುವ ತಮ್ಮ, ಇವರು ಇಂದು ನಿಮ್ಮ ನೆಮ್ಮದಿಯ ಎಲೆಗಳನ್ನು ತಿನ್ನುತ್ತಿರಬಹುದು. ತಪ್ಪನ್ನು ತಪ್ಪೆಂದು ಹೇಳಿ. ಆದರೆ ಅವರನ್ನು ಹೊರಗಟ್ಟಬೇಡಿ. ನಮ್ಮ ನೆರಳು ಅವರ ಬಿಸಿಲನ್ನು ಮರೆಮಾಡದಿರಲಿ. ಇಂದು ಸಂಜೆ ಜಪಸರ ಮುಗಿದ ಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಪ್ರಾರ್ಥಿಸೋಣ: ಸೃಷ್ಟಿಕರ್ತರಾದ ತಂದೆಯೇ, ನಾವು ಹುಳುವನ್ನಷ್ಟೇ ಕಾಣುವಲ್ಲಿ ನೀವು ರೆಕ್ಕೆಗಳನ್ನೂ ಕಾಣುತ್ತೀರಿ. ನಿಮ್ಮ ಆ ನೋಟವನ್ನೂ ತಾಳ್ಮೆಯನ್ನೂ ನಮಗೆ ದಯಪಾಲಿಸಿರಿ. ನಮ್ಮ ಅವಸರದಿಂದ ದೂರವಾದವರನ್ನು ಮರಳಿ ನಿಮ್ಮ ಪೀಠದ ಬಳಿಗೆ ಕರೆತನ್ನಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.