ಮರೆಯೂ ಬೇಕು, ನೆರೆಯೂ ಬೇಕು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಅವು ಗಾಳಿ ಬೆಳಕನ್ನು ಒಳಗೆ ಬಿಡುತ್ತವೆ, ಹೊರಗಿನ ಕಣ್ಣನ್ನು ತಡೆಯುತ್ತವೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯವನ್ನು ಕಂಡು ಮೆಚ್ಚುವ ನಾವು, ನಮ್ಮ ಮನೆಗೆ ಮಾತ್ರ ಎರಡಾಳೆತ್ತರದ ಗೋಡೆ ಎಬ್ಬಿಸಿ ಮೇಲೆ ಗಾಜಿನ ಚೂರು ನೆಡುತ್ತೇವೆ.

ಮರೆ ಬೇಡವೆಂದಲ್ಲ. ಅಂಗಳದಲ್ಲಿ ತಲೆಗೂದಲು ಒಣಗಿಸುವ ಹೆಣ್ಣುಮಕ್ಕಳಿಗೆ, ಕಾಯಿಲೆಯಿಂದ ಎದ್ದು ಬಿಸಿಲಿಗೆ ಕೂರುವ ಹಿರಿಯರಿಗೆ ಅದು ಬೇಕೇ ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ನೀಡಿದೆ. ಪ್ರಶ್ನೆ ಇರುವುದು ಎಂಥ ಮರೆ ಎಂಬಲ್ಲಿ.

ಒಂದು ಉತ್ತರ ನಮ್ಮ ಹೊಲಗಳಲ್ಲೇ ಇದೆ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಹೊಲದ ಗಡಿಗೆ ಲಾವಂಚ ನೆಟ್ಟವರು. ಆಳೆತ್ತರಕ್ಕೆ ಬೆಳೆಯುವ ಈ ಹುಲ್ಲಿನ ಬೇರು 3 ಮೀಟರ್‌ವರೆಗೂ ನೆಟ್ಟಗೆ ಕೆಳಗಿಳಿಯುತ್ತದೆ. ಪಕ್ಕದವರ ನೆಲಕ್ಕೆ ಹಬ್ಬುವುದಿಲ್ಲ. ಮಣ್ಣನ್ನು ಹಿಡಿಯುತ್ತದೆ, ನೀರನ್ನು ಹಾಯಲು ಬಿಡುತ್ತದೆ. ಅಂಗಳದ ಅಂಚಿಗೆ ಒತ್ತಾಗಿ ನೆಟ್ಟರೆ ಕಣ್ಣಿಗೆ ಮರೆಯಾಗುತ್ತದೆ, ಕೂಗಿಗೆ ಅಡ್ಡಿಯಾಗದು. ನಡುರಾತ್ರಿ ಮಗುವಿಗೆ ಜ್ವರ ಏರಿ ಕರೆದರೆ ಪಕ್ಕದ ಮನೆಗೆ ಕೇಳಿಸುತ್ತದೆ.

ಹುಲ್ಲನ್ನು ಸರಿಸಿ ಯಾರೂ ಇಣುಕಬಹುದಲ್ಲ ಎನ್ನುವವರಿದ್ದಾರೆ. ನಿಜ. ಗೋಡೆ ನೆರೆಯವರನ್ನು ನಂಬುವುದಿಲ್ಲ. ಹುಲ್ಲಿನ ಬೇಲಿ ಅವರ ಸಭ್ಯತೆಯನ್ನು ನಂಬಿಯೇ ನಿಲ್ಲುತ್ತದೆ. ಆ ನಂಬಿಕೆಗೆ ನಾವೂ ತಕ್ಕವರಾಗಬೇಕು. ನಮ್ಮ ಕಣ್ಣಿಗೆ ನಾವೇ ಬೇಲಿ ಹಾಕಿಕೊಳ್ಳದಿದ್ದರೆ, ಊರೆಲ್ಲ ಗೋಡೆ ಕಟ್ಟಿದರೂ ಯಾರ ಮಾನ ಉಳಿದೀತು?